ನಲವತ್ತು ನಿಮಿಷದ ಮಧುಚಂದ್ರ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು 2025ರ ಸೆಪ್ಟೆಂಬರಿನಲ್ಲಿ ಮನೆಗೆ ಬಂದಾಗ ಚೀಲದಿಂದ ಒಂದು ಬಣ್ಣದ ಪುಸ್ತಿಕೆ ತೆಗೆದು ನಮ್ಮ ಮುಂದಿಟ್ಟಳು. ಪ್ರವಾಸ ಏರ್ಪಡಿಸುವ ಯಾವುದೋ ಏಜೆನ್ಸಿಯವರು ಹಂಚಿದ್ದು. ದಂಪತಿಗಳು ನೋಡಲೇಬೇಕಾದ ಜಗತ್ತಿನ ಹತ್ತು ಪ್ರೇಮನಗರಗಳು ಎಂದು ಮುಖಪುಟದಲ್ಲಿ ಬರೆದಿತ್ತು. ಪ್ಯಾರಿಸ್, ವೆನಿಸ್, ವೆರೋನಾ, ಇಸ್ತಾಂಬುಲ್, ಆಗ್ರಾ... ಪುಟ ತಿರುವುತ್ತಾ ಹೋದರೆ ಏಳನೆಯದು ದುಬೈ.

“ಅಕ್ಟೋಬರಿಗೆ ನಿಮಗೆ ಮದುವೆಯಾಗಿ ಇಪ್ಪತ್ತೈದು ವರ್ಷ ಆಗ್ತದಲ್ಲ. ನಾನೂ ತಮ್ಮನೂ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಇದರಲ್ಲಿ ಒಂದು ಊರು ಹೇಳಿ. ಪ್ಯಾರಿಸ್‌ಗೆ ಸಾಕಾಗ್ಲಿಕ್ಕಿಲ್ಲ, ದುಬೈಗೆ ಆಗ್ತದೆ” ಎಂದಳು.

ದುಬೈ ಎಂದ ಕೂಡಲೇ ನಾವಿಬ್ಬರೂ ಒಟ್ಟಿಗೇ ನಕ್ಕುಬಿಟ್ಟೆವು. ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಸಣ್ಣಗಾಯಿತು. ಪುಸ್ತಿಕೆಯನ್ನು ಮೆಲ್ಲಗೆ ಮುಚ್ಚಿಟ್ಟಳು.

ನಾವು ಎಂದರೆ ಗಂಡ ಹೆಂಡತಿ, ಬಂಟ್ವಾಳ ತಾಲೂಕಿನ ಒಂದು ಹಳ್ಳಿಯವರು. ಬರೆಯುವ ಕೈ ಒಬ್ಬರದು, ನೆನಪು ಇಬ್ಬರದೂ. ಆದ್ದರಿಂದ ಈ ಬರಹದಲ್ಲಿ ‘ನಾನು’ ಇಲ್ಲ. ಎಲ್ಲಿ ಬೇರೆ ಮಾಡಿ ಹೇಳಲೇಬೇಕೋ ಅಲ್ಲಿ ‘ಅವರು’ ಎಂದರೆ ದುಬೈಗೆ ಹೋದವರು, ‘ಅವಳು’ ಎಂದರೆ ಮನೆಯಲ್ಲಿ ಉಳಿದವಳು ಎಂದು ಓದುಗರು ತಿಳಿದುಕೊಂಡರೆ ಸಾಕು.

“ದುಬೈ ಬೇಡ. ಅತ್ತಿಗುಂಡಿಗೆ ಹೋಗುತ್ತೇವೆ” ಎಂದೆವು.

“ಅದು ಯಾವ ದೇಶದಲ್ಲಿದೆ?” ಎಂದು ಮಗಳು ಕೇಳಿದಳು.

ಅತ್ತಿಗುಂಡಿ ಯಾವ ಪುಸ್ತಿಕೆಯಲ್ಲೂ ಇಲ್ಲ. ಅದು ನಗರವೂ ಅಲ್ಲ. ಚಿಕ್ಕಮಗಳೂರಿನಿಂದ ಕೈಮರದ ಮೇಲಾಗಿ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಸಿಗುವ ಸಣ್ಣ ಊರು. ಗಿರಿಗೆ ಹೋಗುವವರು ಅಲ್ಲಿ ಕಾಫಿ ಕುಡಿಯುತ್ತಾರೆ, ಗಾಡಿಗೆ ನೀರು ಹಾಕುತ್ತಾರೆ, ಮುಂದೆ ಹೋಗುತ್ತಾರೆ. ನಾವೂ ಹಾಗೆಯೇ ಹೋಗಬೇಕಿತ್ತು.

ನಮ್ಮ ನಿಕಾಹ್ ಆದದ್ದು 2000ದ ಅಕ್ಟೋಬರಿನಲ್ಲಿ. ಅವರು ಆಗಲೇ ಎರಡು ವರ್ಷ ದುಬೈಯಲ್ಲಿ ಕಳೆದು ಮೊದಲ ರಜೆಗೆ ಬಂದಿದ್ದರು. ಹುಡುಗಿ ನೋಡಿ, ಮಾತುಕತೆ ಮುಗಿಸಿ, ಮದುವೆ ಆಗುವಷ್ಟರಲ್ಲಿ ಎರಡು ತಿಂಗಳ ರಜೆಯಲ್ಲಿ ಉಳಿದದ್ದು ಒಂದೇ ತಿಂಗಳು. ಮನೆಯಲ್ಲಿ ಎರಡು ಕೋಣೆ, ಒಂದು ಚಾವಡಿ, ತುಂಬ ನೆಂಟರು. ಹಗಲು ಒಬ್ಬರ ಮುಖ ಒಬ್ಬರು ನೋಡಿದರೆ ನಾದಿನಿಯರು ನಗುತ್ತಿದ್ದರು. ರಾತ್ರಿ ಪಿಸುಗುಟ್ಟಿದರೆ ಗೋಡೆಯಾಚೆ ಕೆಮ್ಮು ಕೇಳುತ್ತಿತ್ತು. ಹನಿಮೂನ್ ಎಂಬುದು ಸಿನಿಮಾದವರದು, ಇಲ್ಲವೆ ಊಟಿಗೆ ಹೋಗಬಲ್ಲ ದುಡ್ಡಿದ್ದವರದು ಎಂದು ನಾವು ತಿಳಿದಿದ್ದೆವು.

ಮದುವೆಯಾಗಿ ಹತ್ತನೆಯ ದಿನ ಉಮ್ಮ, “ಗಿರಿಗೆ ಹರಕೆ ಉಂಟು, ಝಿಯಾರತ್ ಮಾಡಿ ಬರುವ” ಎಂದರು. ಬಾಬಾಬುಡನ್‌ಗಿರಿಗೆ ನಮ್ಮ ಕಡೆಯಿಂದ ಹೋಗುವವರು ಮುಸ್ಲಿಮರು ಮಾತ್ರವಲ್ಲ; ನೆರೆಮನೆಯ ಪೂಜಾರಿ ಕುಟುಂಬದವರೂ ವರ್ಷಕ್ಕೊಮ್ಮೆ ಹೋಗಿ ಮಾಣಿಕ್ಯಧಾರೆಯಲ್ಲಿ ಮಿಂದು ಬರುತ್ತಿದ್ದರು. ಬಾಡಿಗೆಗೆ ಒಂದು ಕಮಾಂಡರ್ ಜೀಪು ಗೊತ್ತಾಯಿತು. ಅದರಲ್ಲಿ ಉಮ್ಮ, ಚಿಕ್ಕಮ್ಮ, ಇಬ್ಬರು ನಾದಿನಿಯರು, ಒಬ್ಬ ಭಾವ, ನಾಲ್ಕು ಮಕ್ಕಳು, ನಾವಿಬ್ಬರು. ಡ್ರೈವರನನ್ನು ಸೇರಿಸಿದರೆ ಹನ್ನೆರಡು ಜನ. ಅವರು ಮುಂದಿನ ಸೀಟಿನಲ್ಲಿ, ಅವಳು ಹಿಂದೆ ನಾದಿನಿಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು. ಚಾರ್ಮಾಡಿ ಘಾಟಿ ಹತ್ತುವಾಗ ಇಬ್ಬರು ಮಕ್ಕಳು ವಾಂತಿ ಮಾಡಿದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಮೂಡಿಗೆರೆ, ಚಿಕ್ಕಮಗಳೂರು ದಾಟಿ ಕೈಮರದಿಂದ ಏರು ಶುರುವಾಯಿತು. ಅತ್ತಿಗುಂಡಿ ಮುಟ್ಟುವಾಗ ಜೀಪಿನ ಮುಂಭಾಗದಿಂದ ಹಬೆ ಏಳತೊಡಗಿತು. ಡ್ರೈವರ್ ಇಳಿದು ಬಾನೆಟ್ ಎತ್ತಿ, “ರೇಡಿಯೇಟರ್ ಕುದೀತಾ ಉಂಟು. ಮುಕ್ಕಾಲು ಗಂಟೆ ಮುಟ್ಟಲಿಕ್ಕಿಲ್ಲ” ಎಂದ.

ಊರು ಮಂಜಿನೊಳಗಿತ್ತು. ಒಂದು ಹೋಟೆಲಿನ ಮಾಡಿನಿಂದ ಹೊಗೆ ಹೊರಟು ಮಂಜಿಗೆ ಸೇರುತ್ತಿತ್ತು. ಎಲ್ಲರೂ ಒಲೆಯ ಬಳಿ ಬೆಂಚಿನ ಮೇಲೆ ಕುಳಿತರು. ಆಗ ಉಮ್ಮ ನಮ್ಮನ್ನು ನೋಡದೆ, ಸೆರಗು ಸರಿಮಾಡಿಕೊಳ್ಳುತ್ತಾ, “ನೀವಿಬ್ಬರು ಸ್ವಲ್ಪ ನಡೆದುಕೊಂಡು ಬನ್ನಿ. ಮುಂದೆ ಹೊನ್ನಮ್ಮನ ಹಳ್ಳ ಉಂಟಂತೆ” ಎಂದರು. ಮಕ್ಕಳು ತಾವೂ ಬರುತ್ತೇವೆಂದು ಎದ್ದರು. ಉಮ್ಮ ನಾಲ್ವರಲ್ಲಿ ಇಬ್ಬರ ಕೈ ಹಿಡಿದರು, ಉಳಿದಿಬ್ಬರನ್ನು ಕಣ್ಣಿನಲ್ಲೇ ಕೂರಿಸಿದರು.

ನಮ್ಮ ನಿಕಾಹ್‌ನ ದಿನ ಉಸ್ತಾದರು ಒಂದು ಪ್ರಸಂಗ ಹೇಳಿದ್ದರು. ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ಯವರು ಜೊತೆಯಲ್ಲಿದ್ದವರನ್ನು ಮುಂದೆ ಹೋಗಲು ಹೇಳಿ, ಪತ್ನಿ ಆಯಿಶಾ(ರ)ರೊಡನೆ ಓಟದ ಪಂದ್ಯ ಕಟ್ಟಿದರು. ಆಯಿಶಾ ಗೆದ್ದರು. ಕೆಲವು ಕಾಲದ ನಂತರ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದರು. ಆಗ ಆಯಿಶಾ ಸ್ವಲ್ಪ ದಪ್ಪಗಾಗಿದ್ದರು, ಪ್ರವಾದಿಯವರು ಗೆದ್ದು, ಹಿಂದಿನದಕ್ಕೆ ಇದು ಸಾಟಿ ಎಂದು ನಕ್ಕರು. ಈ ಪ್ರಸಂಗ ಹೇಳುವವರೆಲ್ಲ ಓಟದ ಬಗ್ಗೆ ಹೇಳುತ್ತಾರೆ. ಜೊತೆಗಿದ್ದವರನ್ನು ಮುಂದೆ ಕಳಿಸಿದ್ದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಓದು ಬರಹ ತಿಳಿಯದ ಉಮ್ಮನಿಗೆ ಅದು ಅರ್ಥವಾಗಿತ್ತು.

ನಡೆದೆವು. ಹತ್ತು ದಿನದಲ್ಲಿ ಮೊದಲ ಬಾರಿಗೆ ಅಕ್ಕಪಕ್ಕ. ಎರಡು ತಿರುವು ದಾಟಿದ ಮೇಲೆ ಅವರು ಮಾತು ಶುರುಮಾಡಿದರು. “ಒಂದು ಹೇಳ್ಬೇಕು. ದಲ್ಲಾಳಿ ನಿಮ್ಮ ಮನೆಯಲ್ಲಿ ನಾನು ಹೋಟೆಲಿನಲ್ಲಿ ಸೂಪರ್‌ವೈಸರ್ ಅಂತ ಹೇಳಿದ್ದಾನೆ. ನಾನು ಸೂಪರ್‌ವೈಸರ್ ಅಲ್ಲ. ರೂಮು ಕ್ಲೀನ್ ಮಾಡುವವ. ಹಾಸಿಗೆ ಹಾಕುವುದು, ಬಾತ್‌ರೂಮು ತೊಳೆಯುವುದು.”

ಅವಳು ಏನೂ ಹೇಳಲಿಲ್ಲ. ಮಂಜಿನಲ್ಲಿ ಮುಖ ಕಾಣುತ್ತಿರಲಿಲ್ಲ. ಇನ್ನೊಂದು ತಿರುವು ದಾಟಿದೆವು. ಆಮೇಲೆ ಅವಳು, “ದಲ್ಲಾಳಿ ನಿಮ್ಮ ಮನೆಯಲ್ಲೂ ನಾನು ಎಸ್ಸೆಸ್ಸೆಲ್ಸಿ ಪಾಸು ಅಂತ ಹೇಳಿದ್ದಾನೆ. ಗಣಿತದಲ್ಲಿ ಹೋಗಿದೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಈ ಚಿನ್ನದಲ್ಲಿ ಅರ್ಧ ನಾನು ಬೀಡಿ ಕಟ್ಟಿ ಮಾಡಿದ್ದು” ಎಂದು ಸೇರಿಸಿದಳು.

ಅಷ್ಟೇ. ಹೊನ್ನಮ್ಮನ ಹಳ್ಳ ಮುಟ್ಟಲಿಲ್ಲ. ನೀರಿನ ಸದ್ದೂ ಕೇಳಿಸದ ಒಂದು ತಿರುವಿನಲ್ಲಿ ನಿಂತು, ಮಳೆ ಹನಿಯಲು ತೊಡಗಿದಾಗ ಹಿಂದೆ ಓಡಿದೆವು. ಅವರಿಗೆ ಮದುವೆಯ ಹೊಸ ಬೂಟು ಕಚ್ಚುತ್ತಿತ್ತು, ಅವಳೇ ಗೆದ್ದಳು. ಬಂದು ಗಡಿಯಾರ ನೋಡಿದರೆ ನಲವತ್ತು ನಿಮಿಷ ಆಗಿತ್ತು. ಇದು ನಮ್ಮ ಮಧುಚಂದ್ರ. ಸುಳ್ಳಿನ ಮೇಲೆ ಕಟ್ಟಿದ ಒಂದು ಮದುವೆ ಆ ರಸ್ತೆಯಲ್ಲಿ ಸರಿಯಾದ ನೆಲಗಟ್ಟಿನ ಮೇಲೆ ಕುಳಿತಿತು. ಅದು ನಡೆಯದೆ ಹೋಗಿದ್ದರೆ, ಆ ಸುಳ್ಳುಗಳು ಒಂದೊಂದಾಗಿ ಪತ್ರಗಳಲ್ಲಿ, ನೆಂಟರ ಬಾಯಲ್ಲಿ ಹೊರಬಿದ್ದಿದ್ದರೆ, ಮುಂದಿನ ಹದಿನೆಂಟು ವರ್ಷಗಳನ್ನು ನಾವು ದಾಟುತ್ತಿದ್ದೆವೋ ಇಲ್ಲವೋ ತಿಳಿಯದು.

ಹದಿನೆಂಟು ವರ್ಷ ಎಂದೆವು. ಅವರು ದುಬೈ ಬಿಟ್ಟು ಊರಿಗೆ ಬಂದದ್ದು 2018ರಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. 2002ರಿಂದ 2016ರವರೆಗೆ ಎಂಟು ಬಾರಿ ಬಂದರು. ಹದಿನೆಂಟು ವರ್ಷದ ದಾಂಪತ್ಯದಲ್ಲಿ, ಮದುವೆಯ ಮೊದಲ ತಿಂಗಳೂ ಸೇರಿ, ಒಟ್ಟಿಗೆ ಇದ್ದದ್ದು ಹದಿನೇಳು ತಿಂಗಳು. ಕರಾವಳಿಯ ನಮ್ಮ ಹಳ್ಳಿಗಳಲ್ಲಿ ಇದು ವಿಶೇಷದ ಲೆಕ್ಕವೇನಲ್ಲ. ಈ ಸಾಲು ಓದುತ್ತಿರುವ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕವಿದೆ.

ಕುಟುಂಬವನ್ನು ಕರೆಸಿಕೊಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿಯ ನಿಯಮದಲ್ಲಿ ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಬೇಕು, ಇಲ್ಲವೆ 3,000 ದಿರ್ಹಂ ಮತ್ತು ವಾಸದ ಮನೆ. ಅವರ ಸಂಬಳ 900ರಲ್ಲಿ ಶುರುವಾಗಿ ಕೊನೆಗೆ 1,800ಕ್ಕೆ ಬಂದು ನಿಂತಿತು. ವಾಸಕ್ಕೆ ಎಂಟು ಜನರ ಕೋಣೆಯಲ್ಲಿ ಮೇಲಿನ ಮಂಚ. ಹೆಂಡತಿಯ ಜೊತೆ ಬಾಳಲು ಒಂದು ನಗರ ಇಂತಿಷ್ಟು ಎಂದು ದರ ಬರೆದಿಟ್ಟಿತ್ತು. ನಾವು ಆ ದರಕ್ಕೆ ಏರಲಿಲ್ಲ.

ಅವರ ಕೆಲಸ ಏನಾಗಿತ್ತೆಂದು ಈಗ ಹೇಳಬೇಕು. ಮೊದಲು ದೇರಾದ ಒಂದು ಸಣ್ಣ ಹೋಟೆಲು, ಆಮೇಲೆ ಸಮುದ್ರದ ಕಡೆ ಒಂದು ದೊಡ್ಡ ಹೋಟೆಲು. ದಿನಕ್ಕೆ ಹದಿನಾಲ್ಕು, ಹದಿನೈದು ರೂಮು. ಅದರಲ್ಲಿ ಹೊಸದಾಗಿ ಮದುವೆಯಾದವರ ರೂಮಿದ್ದರೆ ಚೀಟಿಯಲ್ಲಿ ಗುರುತು ಹಾಕಿರುತ್ತಿದ್ದರು. ಆ ರೂಮಿನ ಮಂಚದ ಮೇಲೆ ಗುಲಾಬಿ ಎಸಳು ಹರಡಬೇಕು, ಎರಡು ಸ್ನಾನದ ಟವೆಲುಗಳಿಂದ ಎರಡು ಹಂಸ ಮಾಡಿ ಎದುರುಬದುರು ಕೂರಿಸಬೇಕು. ಎರಡರ ಕೊಕ್ಕು ಮುಟ್ಟಿದರೆ ನಡುವೆ ಹೃದಯದ ಆಕಾರ ಬರುತ್ತದೆ. ಅದಕ್ಕೆ ಕೈಗೂಡಬೇಕು. ಟವೆಲನ್ನು ಹಾಸಿ, ಒಂದು ತುದಿಯ ನಡುವಿನಿಂದ ಎರಡು ಅಂಚುಗಳನ್ನೂ ಒಳಕ್ಕೆ ಬಿಗಿಯಾಗಿ ಸುತ್ತುತ್ತಾ ಬಂದರೆ ಬಾಣದ ಮೊನೆಯಂತಾಗುತ್ತದೆ. ಆ ಮೊನೆಯನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಮಡಚಿದರೆ ಕುತ್ತಿಗೆ, ತಲೆ. ಟವೆಲು ಚೆನ್ನಾಗಿ ಒಣಗಿ ಗರಿಗರಿಯಾಗಿರಬೇಕು. ಪಸೆಯಿದ್ದರೆ ಕುತ್ತಿಗೆ ಬಾಗಿಬಿಡುತ್ತದೆ.

ಆ ದಿನಗಳಲ್ಲಿ ಒಂದು ಪತ್ರದಲ್ಲಿ ಅವರು, “ಇವತ್ತು ಆರು ಹಂಸ ಮಾಡಿದೆ” ಎಂದು ಬರೆದಿದ್ದರು. ಅವಳು ಅದನ್ನು ಉಮ್ಮನಿಗೆ ಓದಿ ಹೇಳಿದಳು. ಉಮ್ಮ ಸ್ವಲ್ಪ ಯೋಚಿಸಿ, “ಹಂಸ ಅಂದರೆ ತಿನ್ನುವುದಾ?” ಎಂದು ಕೇಳಿದರು. ತಿನ್ನುವುದಲ್ಲ, ಟವೆಲಿನದು ಎಂದಾಗ, “ಟವೆಲನ್ನು ಹಕ್ಕಿ ಮಾಡುವುದು ಯಾಕೆ?” ಎಂದರು. ಅವಳಿಗೂ ಉತ್ತರ ಗೊತ್ತಿರಲಿಲ್ಲ. ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಾ ಇಬ್ಬರೂ ಆ ಹಕ್ಕಿಯ ಬಗ್ಗೆ ಯೋಚಿಸಿದರು.

ಒಮ್ಮೆ ಹಾಸನದ ಕಡೆಯ ಹೊಸ ಜೋಡಿಯೊಂದು ಆ ಹೋಟೆಲಿಗೆ ಬಂದಿತ್ತು. ಕನ್ನಡ ಕೇಳಿ ಅವರು ಕನ್ನಡದಲ್ಲೇ ಉತ್ತರಿಸಿದಾಗ ಆ ಹುಡುಗಿಗೆ ಬಹಳ ಖುಷಿಯಾಯಿತು. “ನಿಮ್ಮ ಮನೆಯವರೂ ಇಲ್ಲೇ ಇದ್ದಾರಾ ಅಣ್ಣಾ?” ಎಂದು ಕೇಳಿದಳು. “ಇಲ್ಲಮ್ಮ, ಊರಲ್ಲಿದ್ದಾರೆ.” “ಅಯ್ಯೋ, ಇಷ್ಟು ಒಳ್ಳೆಯ ಊರಿಗೆ ಕರ್ಕೊಂಡು ಬರಬಾರದಾ?” ಎಂದಳು. ಅವಳ ಗಂಡ ಅಷ್ಟರಲ್ಲಿ ಏನೋ ಅರ್ಥವಾದಂತೆ ಅವಳ ಕೈ ಮುಟ್ಟಿದ. ಆ ಹುಡುಗಿಯದು ತಪ್ಪಲ್ಲ. ನಿಜಕ್ಕೂ ಒಳ್ಳೆಯ ಊರೇ. ಶುಕ್ರವಾರ ಸಂಜೆ ಒಂದು ದಿರ್ಹಂ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟುವಾಗ ಎರಡೂ ದಡದ ದೀಪ ನೀರಿಗೆ ಬೀಳುವುದನ್ನು ಅವರೂ ನೋಡಿದ್ದಾರೆ. 828 ಮೀಟರಿನ ಬುರ್ಜ್ ಖಲೀಫಾ 2010ರ ಜನವರಿಯಲ್ಲಿ ತೆರೆದುಕೊಂಡಾಗ ಗುಂಪಿನಲ್ಲಿ ನಿಂತು ತಲೆಯೆತ್ತಿದ್ದಾರೆ. ಆದರೆ ಚಂದದ್ದನ್ನು ಒಬ್ಬರೇ ನೋಡಿದರೆ ಅದು ಸಂತೋಷಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ.

ಮಗಳು ತಂದ ಪುಸ್ತಿಕೆಯನ್ನು ಆ ರಾತ್ರಿ ನಾವು ಮತ್ತೆ ತೆರೆದು ನೋಡಿದೆವು. ಆಗ್ರಾದ ಪುಟದಲ್ಲಿ ತಾಜ್‌ಮಹಲ್, ಬೆಳದಿಂಗಳು, ಕೈ ಹಿಡಿದ ಜೋಡಿ. ಅದು ಯಾರ ಗೋರಿ ಎಂದು ಒಂದು ಸಾಲಿತ್ತು. ಮುಮ್ತಾಜ್ 1631ರಲ್ಲಿ ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡಳು ಎಂಬ ಸಾಲು ಇರಲಿಲ್ಲ. ಅವಳು ಮನೆಯಲ್ಲಿ ಕಾದು ಕುಳಿತ ಹೆಂಡತಿಯೂ ಅಲ್ಲ; ಷಹಜಹಾನನ ದಂಡಯಾತ್ರೆಗಳಲ್ಲಿ ಜೊತೆಗೆ ಹೋಗುತ್ತಿದ್ದವಳು. ಬುರ್ಹಾನ್‌ಪುರಕ್ಕೂ ಹಾಗೆಯೇ ಹೋಗಿದ್ದಳು. ಜೊತೆಗಿದ್ದ ಆ ವರ್ಷಗಳೇ ಅವರಿಬ್ಬರ ಪ್ರೇಮವಾಗಿರಬೇಕು. ಅಮೃತಶಿಲೆ ಆಮೇಲಿನದು.

ವೆರೋನಾದ ಪುಟದಲ್ಲಿ ಜೂಲಿಯೆಟ್‌ಳ ಮಹಡಿ. ಜೂಲಿಯೆಟ್ ಕಥೆಯ ಹುಡುಗಿ. ಜನ ನೋಡಲು ಹೋಗುವ ಆ ಮಹಡಿಯನ್ನು ಹಳೆಯ ಮನೆಗೆ ಸೇರಿಸಿದ್ದು ಇಪ್ಪತ್ತನೇ ಶತಮಾನದಲ್ಲಿ. ಪ್ಯಾರಿಸ್‌ನ ಪುಟದಲ್ಲಿ ಸೇನ್ ನದಿಯ ಸೇತುವೆ. ಪ್ರೇಮಿಗಳು ಹೆಸರು ಬರೆದು ಬೀಗ ಹಾಕಿ ಕೀಲಿಯನ್ನು ನದಿಗೆ ಎಸೆಯುತ್ತಿದ್ದ ಪಾಂ ದೆಜಾರ್ ಎಂಬ ಸೇತುವೆಯ ಕಟಕಟೆ 2014ರಲ್ಲಿ ಆ ಭಾರಕ್ಕೆ ಒಂದು ಕಡೆ ಕುಸಿಯಿತು. ಮರುವರ್ಷ ನಗರಸಭೆ ಸುಮಾರು 45 ಟನ್ ಬೀಗಗಳನ್ನು ಕಿತ್ತು ತೆಗೆಯಿತು. ವೆನಿಸ್‌ನ ಕಥೆ ಇನ್ನೂ ಗಂಭೀರ. 1951ರಲ್ಲಿ ಆ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳೆಲ್ಲ ಪ್ರವಾಸಿಗರ ರೂಮುಗಳಾದರೆ ಊರಿನ ಗಂಡ ಹೆಂಡತಿ ಎಲ್ಲಿರಬೇಕು? 2024ರ ಏಪ್ರಿಲಿನಿಂದ, ಜನ ಹೆಚ್ಚುವ ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಅಲ್ಲಿ ಐದು ಯೂರೋ ಪ್ರವೇಶ ಶುಲ್ಕ ಹಾಕಿದರು.

ಇದನ್ನೆಲ್ಲ ಹೇಳುವುದು ಆ ಊರುಗಳನ್ನು ಹೀಗಳೆಯಲಿಕ್ಕಲ್ಲ. ಹೋಗಬಲ್ಲವರು ಹೋಗಬೇಕು, ಜೊತೆಯಾಗಿ ಹೋಗಬೇಕು. ಭೂಮಿಯಲ್ಲಿ ಸಂಚರಿಸಿ ನೋಡಿ ಎಂಬುದು ನಮಗೆ ಧರ್ಮವೂ ಹೇಳಿದ ಮಾತು. ಆದರೆ ಯಾವ ಊರೂ ತಾನಾಗಿ ಪ್ರೇಮನಗರ ಆಗುವುದಿಲ್ಲ. ಅಲ್ಲಿ ಯಾರೋ ಬೆಳಿಗ್ಗೆ ಎದ್ದು ಹಾಸಿಗೆ ಹಾಸುತ್ತಾರೆ, ದೋಣಿ ಹುಟ್ಟು ಹಾಕುತ್ತಾರೆ, ಎಸಳು ಹರಡುತ್ತಾರೆ. ಅವರ ಹೆಂಡತಿ ಅಥವಾ ಗಂಡ ಆ ಹೊತ್ತು ಎಲ್ಲಿದ್ದಾರೆ ಎಂಬ ಪ್ರಶ್ನೆ ಮಾತ್ರ ಪುಸ್ತಿಕೆಯಲ್ಲಿ ಇರುವುದಿಲ್ಲ.

ಅಕ್ಟೋಬರಿನಲ್ಲಿ ಹೊರಟೆವು. ಬೇರೆ ಯಾರೂ ಇಲ್ಲ, ನಾವಿಬ್ಬರೇ. ಉಮ್ಮ 2011ರಲ್ಲಿ ತೀರಿಕೊಂಡರು; ಅವರು ಆಗ ದುಬೈಯಲ್ಲಿದ್ದರು, ಮಣ್ಣಿಗೆ ಬರಲಾಗಲಿಲ್ಲ. ಚಾರ್ಮಾಡಿಯಲ್ಲಿ 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದಿದ್ದ ಜಾಗಗಳು ಕಾಣಿಸಿದವು. ಕೊಟ್ಟಿಗೆಹಾರದಲ್ಲಿ ಮತ್ತೆ ನೀರುದೋಸೆ. ಈ ಸಲ ಯಾರೂ ವಾಂತಿ ಮಾಡಲಿಲ್ಲ ಎಂದು ಅವಳು ನಕ್ಕಳು.

ಆದರೆ ಗಿರಿಯ ದಾರಿ ಬದಲಾಗಿದೆ. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವ ವಾಹನಗಳು ಆನ್‌ಲೈನಿನಲ್ಲಿ ಮೊದಲೇ ನೋಂದಾಯಿಸಿಕೊಳ್ಳಬೇಕು. ಬೆಳಗಿನದೋ ಮಧ್ಯಾಹ್ನದ್ದೋ ಒಂದು ಪಾಳಿ ಆರಿಸಬೇಕು. ಮಗಳು ಫೋನಿನಲ್ಲಿ ಅದನ್ನು ಮಾಡಿಕೊಟ್ಟಿದ್ದಳು. ನಿಯಮ ಬಂದದ್ದು ಸುಮ್ಮನಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ ಎಂಬ ಹೆಸರು, ‘ಮುಂಗಾರು ಮಳೆ’ ಬಂದ 2006ರಿಂದೀಚೆಗೆ ಮಲೆನಾಡಿನ ಮಂಜು ಮಳೆಗೆ ಹುಟ್ಟಿದ ಹುಚ್ಚು, ಬೆಂಗಳೂರಿನಿಂದ ಒಂದೇ ರಾತ್ರಿಯ ದಾರಿ. ವಾರಾಂತ್ಯದಲ್ಲಿ ಆ ಕಿರಿದಾದ ರಸ್ತೆ ತಾಳಿಕೊಳ್ಳುವುದಾದರೂ ಹೇಗೆ? ನೋಂದಣಿ ಇದ್ದರೂ ನಾವು ಹೋದ ಶನಿವಾರ ಅತ್ತಿಗುಂಡಿಯಲ್ಲಿ ಕಾರುಗಳ ಸಾಲಿತ್ತು. ಕೆಂಡದ ಮೇಲೆ ಜೋಳ ಸುಡುವವರು, ಝರಿ ಜಲಪಾತಕ್ಕೆ ಕರೆದೊಯ್ಯುವ ಜೀಪುಗಳು, ಹಾರನ್ನು. ಹೊನ್ನಮ್ಮನ ಹಳ್ಳದ ಬಳಿ ಇಳಿಯಲು ಜಾಗ ಸಿಗಲಿಲ್ಲ. ಕಿಟಕಿಯಿಂದ ನೋಡಿ ಮುಂದೆ ಹೋದೆವು. ಗಿರಿಯಲ್ಲಿ ಉಮ್ಮನಿಗಾಗಿ ದುಆ ಮಾಡಿ ಹಿಂದಿರುಗಿದೆವು.

ಝರಿಗೆ ತೋಟದೊಳಗಿನ ಕಚ್ಚಾ ದಾರಿ, ಜೀಪೇ ಬೇಕು. ನಮ್ಮನ್ನು ಕರೆದೊಯ್ದ ಹುಡುಗನಿಗೆ ಮೂವತ್ತರೊಳಗಿನ ವಯಸ್ಸು. ಎಷ್ಟು ವರ್ಷದಿಂದ ಓಡಿಸುತ್ತೀಯಪ್ಪಾ ಎಂದರೆ ಏಳು ವರ್ಷ ಎಂದ. ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತೇನೆ, ಹೊಸ ಜೋಡಿಗಳೇ ಹೆಚ್ಚು ಎಂದ. “ನಿನಗೆ ಮದುವೆ ಆಗಿದೆಯಾ? ಹೆಂಡ್ತಿಗೆ ಝರಿ ತೋರಿಸಿದ್ದೀಯಾ?” ಎಂದು ಅವಳು ಕೇಳಿದಳು. ಹುಡುಗ ಗೇರು ಬದಲಿಸಿ, “ಅವಳು ಮೂಡಿಗೆರೆ ಕಡೆಯವಳು ಆಂಟಿ. ಶನಿವಾರ ಭಾನುವಾರ ಬಾಡಿಗೆ ಇರುತ್ತೆ. ಬಾಕಿ ದಿನ ಅವಳಿಗೆ ತೋಟದ ಕೆಲಸ ಇರುತ್ತೆ. ಕರ್ಕೊಂಡು ಹೋಗಬೇಕು” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ ತಾನಾಗಿಯೇ, “ಮಳೆ ಕಡಿಮೆ ಆಗಲಿ” ಎಂದ.

ಮಳೆ ಕಡಿಮೆಯಾದರೆ ಝರಿಯಲ್ಲಿ ನೀರೂ ಕಡಿಮೆಯಾಗುತ್ತದೆ. ನಾವು ಅದನ್ನು ಹೇಳಲಿಲ್ಲ.

ರಾತ್ರಿಗೆ ಒಂದು ಹೋಂಸ್ಟೇಯಲ್ಲಿ ಉಳಿದೆವು. ಮಕ್ಕಳು ಫೋನು ಮಾಡಿ ಹೇಳಿಟ್ಟಿದ್ದರೆಂದು ಕಾಣುತ್ತದೆ. ಬಾಗಿಲು ತೆರೆದರೆ ಮಂಚದ ಮೇಲೆ ಸೇವಂತಿಗೆ ಎಸಳು, ನಡುವೆ ಬಿಳಿ ಟವೆಲಿನ ಎರಡು ಹಂಸ. ಒಂದರ ಕುತ್ತಿಗೆ ಸೋತು ಹಾಸಿಗೆಗೆ ಮುಟ್ಟಿತ್ತು, ಇನ್ನೊಂದು ಪಕ್ಕಕ್ಕೆ ವಾಲಿತ್ತು.

ನಾವಿಬ್ಬರೂ ಬಾಗಿಲಲ್ಲೇ ನಿಂತೆವು.

ಇಪ್ಪತ್ತು ವರ್ಷ ಬೇರೆಯವರಿಗಾಗಿ ಮಾಡಿದ್ದನ್ನು ಅವರು ಮೊದಲ ಬಾರಿಗೆ ತಮಗಾಗಿ ಮಾಡಿಟ್ಟದ್ದನ್ನು ನೋಡುತ್ತಿದ್ದರು. ಅವಳು ಪತ್ರದಲ್ಲಿ ಓದಿದ್ದ ಹಕ್ಕಿಯನ್ನು ಮೊದಲ ಬಾರಿಗೆ ಕಣ್ಣಾರೆ ನೋಡುತ್ತಿದ್ದಳು. “ಇದಾ?” ಎಂದಳು. “ಇದೇ. ಆದರೆ ಟವೆಲಿಗೆ ಪಸೆ ಉಂಟು” ಎಂದರು ಅವರು.

ಹಿಂದೆ ನಿಂತಿದ್ದ ಕೆಲಸದ ಹುಡುಗಿಗೆ ಏನೋ ತಪ್ಪಾಯಿತೆಂದು ಗಾಬರಿಯಾಯಿತು. ಅಸ್ಸಾಮಿನವಳು, ಚಿಕ್ಕಮಗಳೂರಿನ ತೋಟಗಳಿಗೆ ಈಗ ಅಸ್ಸಾಮಿನಿಂದ ಬರುವ ಕೆಲಸಗಾರರು ಬಹಳ. ಹಜ್‌ನಿಂದ ಮರಳುವಾಗ ಬಾಬಾಬುಡನ್ ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಐತಿಹ್ಯವಿದೆ. ಹದಿನೇಳನೇ ಶತಮಾನದ ಮಾತು ಎನ್ನುತ್ತಾರೆ. ದೂರದಿಂದ ಬಂದ ಆ ಗಿಡದ ಹಣ್ಣು ಕೊಯ್ಯಲು ಇಂದಿಗೂ ದೂರದಿಂದಲೇ ಜನ ಬರುತ್ತಾರೆ. ಹುಡುಗಿ ಮೊದಲು ತೋಟದಲ್ಲಿದ್ದು, ಆಮೇಲೆ ಈ ಮನೆಯ ಕೆಲಸಕ್ಕೆ ಸೇರಿದ್ದಳು. ಫೋನಿನಲ್ಲಿ ನೋಡಿ ಹಂಸ ಕಲಿತಳಂತೆ. “ಎಷ್ಟು ಮಾಡಿದರೂ ನಿಲ್ಲುವುದಿಲ್ಲ ಅಂಕಲ್” ಎಂದು ಹಿಂದಿಯಲ್ಲಿ ಹೇಳಿದಳು.

ಅತ್ತಿಗುಂಡಿಯ ಮಂಜಿನಲ್ಲಿ ಬಟ್ಟೆ ಎಲ್ಲಿ ಒಣಗಬೇಕು? ಅವರು ದುಬೈಯ ಹಿಂದಿಯಲ್ಲಿ ಅವಳಿಗೆ ಹೇಳಿಕೊಟ್ಟರು: ಟವೆಲನ್ನು ಒಲೆಯ ಮೇಲಿನ ಹಗ್ಗದಲ್ಲಿ ಸ್ವಲ್ಪ ಹೊತ್ತು ಹಾಕು, ಸುತ್ತುವಾಗ ಬಿಡಬೇಡ, ಬೆರಳು ಬಿಗಿಯಾಗಿರಲಿ, ಕುತ್ತಿಗೆಯ ಹಿಂದೆ ಸಣ್ಣ ಕೈವಸ್ತ್ರ ಮಡಚಿ ಆನಿಸಿಡು, ಕಾಣುವುದಿಲ್ಲ. ಅವರ ಕೈ ತಾನಾಗಿ ಓಡುತ್ತಿತ್ತು. ಅರ್ಧ ನಿಮಿಷದಲ್ಲಿ ಹಂಸ ಎದ್ದು ಕುಳಿತಿತು.

ಗಂಡ ಇಪ್ಪತ್ತು ವರ್ಷ ಏನು ಕೆಲಸ ಮಾಡಿದರೆಂದು ಅವಳು ಕಣ್ಣಿನಿಂದ ನೋಡಿದ್ದು ಅಂದೇ. ಮಾತಿಲ್ಲದೆ ಮಂಚದ ಅಂಚಿನಲ್ಲಿ ಕುಳಿತಳು. ಆಮೇಲೆ ಇನ್ನೊಂದು ಟವೆಲು ಎಳೆದುಕೊಂಡು, “ಕೊಡಿ ನೋಡುವ” ಎಂದಳು. ಎಲೆ ಸುತ್ತಿ ಸುತ್ತಿ ಪಳಗಿದ ಬೆರಳುಗಳು. ಒಮ್ಮೆಗೇ ಬಂತು. ಅವರದಕ್ಕಿಂತ ಅವಳದು ಬಿಗಿಯಾಗಿತ್ತು, ಅವರೇ ಒಪ್ಪಿಕೊಂಡರು. ಎರಡನ್ನೂ ಎದುರುಬದುರು ಇಟ್ಟೆವು.

“ನಿನ್ನ ಗಂಡ ಎಲ್ಲಿದ್ದಾನಮ್ಮಾ?” ಎಂದು ಹುಡುಗಿಯನ್ನು ಕೇಳಿದೆವು. ಕೇರಳದ ಪೆರುಂಬಾವೂರಿನಲ್ಲಿ ಪ್ಲೈವುಡ್ ಕಾರ್ಖಾನೆಯಲ್ಲಿದ್ದಾನೆ ಎಂದಳು. ಮದುವೆಯಾಗಿ ಮೂರು ವರ್ಷ. ಬಿಹು ಹಬ್ಬಕ್ಕೆ ಇಬ್ಬರೂ ಊರಿಗೆ ಹೋಗುತ್ತಾರೆ, ಹದಿನೈದು ದಿನ.

ಮೂರು ವರ್ಷಕ್ಕೆ ಎಷ್ಟು ದಿನ ಎಂದು ನಾವಿಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. ಈ ಲೆಕ್ಕ ನಮಗೆ ಅಭ್ಯಾಸವಾಗಿದೆ. ಗಣಿತದಲ್ಲಿ ಫೇಲಾದವಳೇ ಬೇಗ ಹಾಕಿದಳು.

ಮರುದಿನ ಫಜ್ರ್ ನಮಾಝ್ ಮುಗಿಸಿ ಹೊರಗೆ ಬಂದೆವು. ಕೆಳಗಿನಿಂದ ವಾಹನಗಳನ್ನು ಇನ್ನೂ ಬಿಟ್ಟಿರಲಿಲ್ಲ. ರಸ್ತೆ ಖಾಲಿಯಿತ್ತು, ಮಂಜು ಹಿಂದಿನಂತೆಯೇ ಇತ್ತು. ರಸ್ತೆಯಂಚಿನ ಕಾಫಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಗಾಗತೊಡಗಿತ್ತು. ಹೊನ್ನಮ್ಮನ ಹಳ್ಳದ ಕಡೆಗೆ ನಡೆದೆವು. ಎರಡು ತಿರುವು ದಾಟಿದ ಮೇಲೆ ಅವಳು, “ಇವತ್ತು ಏನಾದರೂ ಹೇಳ್ಲಿಕ್ಕುಂಟಾ?” ಎಂದು ಕೇಳಿದಳು. ಅವರು ಯೋಚಿಸಿ, ಏನೂ ಇಲ್ಲ ಎಂದರು. ಓಟದ ಪಂದ್ಯ ಕಟ್ಟಲು ಅವರಿಗೆ ಮಂಡಿನೋವು, ಅವಳಿಗೆ ಬೆನ್ನುನೋವು. ಈ ಸಲವೂ ಹಳ್ಳದವರೆಗೆ ಹೋಗಲಿಲ್ಲ. ಎಲ್ಲಿ ಹಿಂದಿರುಗಿದ್ದೆವೋ ಸುಮಾರು ಅಲ್ಲಿಗೇ ಬಂದು ನಿಂತು, ನಿಧಾನವಾಗಿ ಹಿಂದೆ ನಡೆದೆವು. ಗಡಿಯಾರ ನೋಡಲಿಲ್ಲ.

ಹೊರಡುವಾಗ ಹುಡುಗಿ ಚಹಾ ತಂದಳು. ರಾತ್ರಿಯೇ ಆ ಎರಡು ಹಂಸಗಳ ಫೋಟೋ ತೆಗೆದು ಪೆರುಂಬಾವೂರಿಗೆ ಕಳಿಸಿದ್ದಳಂತೆ.

“ಏನೆಂದ?” ಎಂದು ಕೇಳಿದೆವು.

ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಬಾತುಕೋಳಿಯಾ, ಅಲ್ಲಿ ಕಿಲೋಗೆ ಎಷ್ಟು ಎಂದು ಕೇಳಿದ.”